ಟಿವಿ ಪರದೆ ಮಾರ್ಜನ ಮೀಮಾಂಸೆ: ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಪಂಥಗಳ ವಿಚಾರ

ಬಿ.ಎಲ್. ರೈಸ್ ಸಾಹೇಬರು ತುಮಕೂರು ಜಿಲ್ಲೆಯ ಶಾಸನಗಳನ್ನು ಕಲೆಹಾಕಿ ಎಪಿಗ್ರಾಫಿಯ ಕರ್ನಾಟಿಕದ 12ನೆಯ ಸಂಪುಟವಾಗಿ 1904ರಲ್ಲಿ ಪ್ರಕಟಿಸಿದರು. ಮಧುಗಿರಿಯ ಕಲ್ಲುಗಳೂ ಶಿರಾದ ಕಲ್ಲುಗಳೂ ಪಾವಗಡದ ಕಲ್ಲುಗಳೂ ಅದರಲ್ಲಿ ಜಾಗ ಪಡೆದಿವೆ. ಆದರೆ ಇದೇ ಸೀಮೆಯ ಮನೆಮನೆಯಲ್ಲೂ ಇಂದು ದೊರೆಯುವ ಒಂದು ಮುಖ್ಯ ಶಾಸನ ಆ ಮಹನೀಯರ ಕಣ್ಣಿಗೆ ಬೀಳಲಿಲ್ಲ. ಆಗ ಅದು ಹುಟ್ಟೇ ಇರಲಿಲ್ಲವೆಂಬುದು ಅವರ ಪಾಲಿನ ಸಮಾಧಾನ. ಈಗಿನ ವಿದ್ವಾಂಸರಿಗೆ ಆ ನೆಪವೂ ಇಲ್ಲ.

ಶಾಸನ ಇರುವ ಸ್ಥಳ: ಚಪ್ಪಟೆ ಟಿವಿಯ ಬೆನ್ನು. ಲಿಪಿ ರೋಮನ್, ಅಕ್ಷರಗಳು ಭೂತಗನ್ನಡಿಗೆ ಮಾತ್ರ ಒಲಿಯುವಷ್ಟು ಸಣ್ಣವು. ಸ್ಥಿತಿ ಅತ್ಯುತ್ತಮ, ಏಕೆಂದರೆ ಗೋಡೆಗೆ ಮುಖ ಮಾಡಿರುವುದರಿಂದ ಯಾರೂ ಓದಿಲ್ಲ. ನೆತ್ತಿಯಲ್ಲಿ ಸೂರ್ಯಚಂದ್ರರು ಇರಬೇಕಾದ ಜಾಗದಲ್ಲಿ ಎರಡು ತ್ರಿಕೋನಗಳಿವೆ. ಒಂದರೊಳಗೆ ಬಾಣದ ತುದಿಯ ಮಿಂಚು, ಇನ್ನೊಂದರೊಳಗೆ ಆಶ್ಚರ್ಯಸೂಚಕ ಚಿಹ್ನೆ. ಬುಡದಲ್ಲಿ ಅಡ್ಡಗೆರೆ ಹೊಡೆದ ಗಾಲಿಯ ಕಸದಬುಟ್ಟಿ. ನಮ್ಮ ದಾನಶಾಸನಗಳ ಕೊನೆಗೆ ಬರುವ ಶಾಪಾಶಯ ಇಲ್ಲೂ ಉಂಟು. ಅಲ್ಲಿ ದತ್ತಿ ಕದ್ದವನು ಅರವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟುತ್ತಾನೆ. ಇಲ್ಲಿ ಹಿಂಬದಿಯ ಮುಚ್ಚಳ ಬಿಚ್ಚಿದವನಿಗೆ ಶಾಕ್ ಹೊಡೆಯುತ್ತದೆ. ಫಲ ಇದೇ ಜನ್ಮದಲ್ಲಿ, ಅದೂ ಕೂಡಲೇ ಸಿಗುವುದರಿಂದ ಎರಡನೆಯ ಶಾಪವೇ ಹೆಚ್ಚು ಪ್ರಾಮಾಣಿಕವೆನ್ನಬೇಕು. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರುಗಳಲ್ಲಿ ಒಂದಿಷ್ಟು ಹೊತ್ತು ವಿದ್ಯುತ್ತು ಉಳಿದಿರುವುದರಿಂದ ಶಾಪವಿಮೋಚನೆಯೂ ತಡವಾಗಿಯೇ ಆಗುತ್ತದೆ.

ಹೀಗೆ ಶಾಸನಾಧಾರ ಒದಗಿಸಿದ ಮೇಲೆ ಪ್ರಕೃತ ಪ್ರಬಂಧದ ಪ್ರತಿಜ್ಞೆಯನ್ನು ಮಂಡಿಸಬಹುದು. ಪರದೆಯ ಮೇಲಿನ ಧೂಳು ಯಾರ ತಂಟೆಗೂ ಹೋಗದೆ ತಿಂಗಳುಗಟ್ಟಲೆ ಕೂತಿರಬಲ್ಲದು. ಅದನ್ನು ತೆಗೆಯಲು ಎದ್ದ ಮನುಷ್ಯನಿಗೆ ಐದು ನಿಮಿಷ ಸುಮ್ಮನಿರಲು ಬರುವುದಿಲ್ಲ. ಟಿವಿಗೆ ಕೇಡು ಬರುವುದು ಈ ಎರಡನೆಯವನಿಂದ. ಆದ್ದರಿಂದ ಮಾರ್ಜನಶಾಸ್ತ್ರದ ಬಹುಭಾಗ ನಿಷೇಧಗಳಿಂದಲೇ ತುಂಬಿದೆ. ವಿಧಿವಾಕ್ಯಗಳು ನಾಲ್ಕೋ ಐದೋ ಇದ್ದರೆ ಹೆಚ್ಚು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಿಗೆ ಇದರಲ್ಲಿ ಒಂದೊಂದು ಪಂಥ.

ಪೂರ್ವಯುಗ

ಚಪ್ಪಟೆ ಟಿವಿಗೆ ಮುಂಚೆ ಡಬ್ಬಾ ಯುಗವೊಂದಿತ್ತು. ಮರದ ಪೆಟ್ಟಿಗೆ, ಎರಡು ಕಡೆಯಿಂದ ಸರಿದು ಕೂಡುವ ಶಟರು, ಶಟರಿಗೊಂದು ಬೀಗ, ಬೀಗದ ಕೈ ಮನೆ ಯಜಮಾನರ ಉಡಿದಾರದಲ್ಲಿ. ಮುಂದಿನ ಗಾಜು ಸುಮಾರು ಒಂದು ಸೆಂಟಿಮೀಟರ್ ದಪ್ಪ. ಅದನ್ನು ಒದ್ದೆ ನ್ಯೂಸ್‌ಪೇಪರಿನಲ್ಲಿ ಉಜ್ಜಿದರೂ ನಡೆಯುತ್ತಿತ್ತು, ಸೋಪಿನ ನೀರಲ್ಲಿ ಉಜ್ಜಿದರೂ ನಡೆಯುತ್ತಿತ್ತು, ಮುನಿಸಿಕೊಂಡ ಸೊಸೆ ಉಜ್ಜಿದರೂ ತಡೆಯುತ್ತಿತ್ತು. ಒಳಗಿನ ಕೊಳವೆಗೆ 20,000 ವೋಲ್ಟಿನ ಆಸುಪಾಸು ಒತ್ತಡ ಬೇಕಿದ್ದರಿಂದ ಗಾಜಿನ ಮೇಲೆ ಸ್ಥಾಯೀ ವಿದ್ಯುತ್ತು ನಿಂತು ಸುತ್ತಲಿನ ಧೂಳನ್ನೆಲ್ಲ ಕರೆದು ಕೂರಿಸಿಕೊಳ್ಳುತ್ತಿತ್ತು. ಮೊಳಕೈ ಹತ್ತಿರ ಒಯ್ದರೆ ರೋಮ ನೆಟ್ಟಗೆ ನಿಲ್ಲುತ್ತಿತ್ತು. ದೂರದರ್ಶನದಲ್ಲಿ 1987ರ ಜನವರಿ 25ರಂದು ರಾಮಾಯಣ ಶುರುವಾದ ಮೇಲೆ ಭಾನುವಾರ ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು, ಟಿವಿ ಒರೆಸಿ ಹೂವಿಟ್ಟು, ಊದುಬತ್ತಿ ಹಚ್ಚಿ ಕೂರುತ್ತಿದ್ದವರು ಈ ರೋಮಾಂಚನವನ್ನು ಭಕ್ತಿಯ ಲೆಕ್ಕಕ್ಕೆ ಬರೆದುಕೊಂಡರು. ಟಿವಿ ಒರೆಸುವುದು ಪೂಜಾಂಗವಾದದ್ದು ಅಲ್ಲಿಂದೀಚೆಗೆ ಎಂದು ಊಹಿಸಲು ಅಡ್ಡಿಯಿಲ್ಲ.

ಯುಗ ಬದಲಾಯಿತು, ಕೈ ಬದಲಾಗಲಿಲ್ಲ. ಹೊಸ ಟಿವಿಯ ಮುಖವನ್ನೂ ಜನ ಗಾಜೆಂದೇ ನಂಬಿದ್ದಾರೆ. ಈ ಶಾಸ್ತ್ರದಲ್ಲಿ ಮೂಲಾವಿದ್ಯೆ ಎಂದು ಕರೆಯುವುದು ಇದನ್ನೇ.

ಗಾಜಲ್ಲದ ಗಾಜು

ಎಲ್‌ಸಿಡಿ ಪರದೆಯ ಉತ್ಪತ್ತಿ ಗಜ್ಜರಿಯಿಂದ. ನಗಬಾರದು, ಇದು ಇತಿಹಾಸ. 1888ರಲ್ಲಿ ಪ್ರಾಗ್ ನಗರದ ಸಸ್ಯವಿಜ್ಞಾನಿ ಫ್ರೀಡ್ರಿಖ್ ರೈನಿಟ್ಸರ್ ಗಜ್ಜರಿಯ ಕೊಲೆಸ್ಟರಾಲಿನಿಂದ ಪಡೆದ ಒಂದು ವಸ್ತುವನ್ನು ಕಾಯಿಸಿದಾಗ ಅದು ಎರಡು ಸಲ ಕರಗಿತು: 145.5 ಡಿಗ್ರಿಯಲ್ಲಿ ಮಬ್ಬಾದ ದ್ರವ, 178.5 ಡಿಗ್ರಿಯಲ್ಲಿ ತಿಳಿಯಾದ ದ್ರವ. ನಡುವಿನ ಮಬ್ಬು ಸ್ಥಿತಿಗೆ ಆಮೇಲೆ ದ್ರವಸ್ಫಟಿಕ ಎಂಬ ಹೆಸರು ಬಂತು. ನಮ್ಮವರೂ ಹಿಂದೆ ಬೀಳಲಿಲ್ಲ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಎಸ್. ಚಂದ್ರಶೇಖರ್ ಮತ್ತು ಸಂಗಡಿಗರು 1977ರಲ್ಲಿ ಬಿಲ್ಲೆಯಾಕಾರದ ಅಣುಗಳೂ ದ್ರವಸ್ಫಟಿಕವಾಗಬಲ್ಲವೆಂದು ತೋರಿಸಿದರು. ಅಲ್ಲಿಯವರೆಗೆ ಕಡ್ಡಿಯಾಕಾರದವಕ್ಕೆ ಮಾತ್ರ ಆ ಯೋಗ್ಯತೆ ಇದೆಯೆಂದು ಎಣಿಸಿದ್ದರು. ಅಂಥ ಬಿಲ್ಲೆ ಅಣುಗಳ ಹಾಳೆಯನ್ನು ಮುಂದೆ ಕೆಲವು ಎಲ್‌ಸಿಡಿ ಪರದೆಗಳಿಗೆ, ಬದಿಯಲ್ಲಿ ಕೂತವರಿಗೂ ಚಿತ್ರ ಕಾಣಲೆಂದು ಅಂಟಿಸಿದರು. ಗೃಹಪ್ರವೇಶಕ್ಕೆ ಬಂದು ಮೂಲೆಯಲ್ಲಿ ಚಾಪೆ ಸಿಕ್ಕ ನೆಂಟರ ಬಗ್ಗೆ ವಿಜ್ಞಾನ ಯೋಚಿಸಿದ್ದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಈ ದ್ರವಸ್ಫಟಿಕ ಕೂತಿರುವುದು ಎರಡು ಗಾಜುಗಳ ನಡುವೆ. ಒಂದೊಂದು ಗಾಜೂ ಒಂದು ಮಿಲಿಮೀಟರಿಗಿಂತ ತೆಳು. ಅವುಗಳ ಆಚೆ ಈಚೆ ಬೆಳಕನ್ನು ಒಂದೇ ದಿಕ್ಕಿಗೆ ಸೋಸುವ ಪ್ಲಾಸ್ಟಿಕ್ ಹಾಳೆ, ಅಂದರೆ ಪೋಲರೈಸರ್. ನಮ್ಮ ಬೆರಳಿಗೆ ತಾಗುವುದು ಗಾಜಲ್ಲ, ಈ ಹಾಳೆ. ಅದರ ಮೇಲೆ ಕಿಟಕಿಯ ಬೆಳಕು ಪ್ರತಿಫಲಿಸದಿರಲೆಂದು ಬಳಿದ ಇನ್ನೂ ತೆಳುವಾದ ಲೇಪ. ಕಿಟಕಿ ಗಾಜಿಗೆ ಹೊಡೆಯುವ ನೀಲಿ ದ್ರಾವಣ, ಸ್ಪಿರಿಟ್, ತಿನ್ನರ್, ಉಗುರುಬಣ್ಣ ತೆಗೆಯುವ ಅಸಿಟೋನ್, ಅಮೋನಿಯ ಇರುವ ಯಾವುದೇ ನೀರು ಈ ಲೇಪವನ್ನು ಮಬ್ಬಾಗಿಸಬಹುದು, ಹಾಳೆಯನ್ನೇ ಕೆಡಿಸಬಹುದು. ಹಾಗಾದದ್ದು ಮತ್ತೆ ಸರಿಹೋಗುವುದಿಲ್ಲ. ಅದುಮಿದರೆ ಒಳಗಿನ ದ್ರವ ಸರಿದು ಬೆರಳಿನ ಸುತ್ತ ಬಣ್ಣದ ಅಲೆ ಏಳುವುದನ್ನು ಮಕ್ಕಳೆಲ್ಲ ಕಂಡಿದ್ದಾರೆ. ಒಲೆಡ್ ಟಿವಿಯಲ್ಲಿ ದ್ರವಸ್ಫಟಿಕವಿಲ್ಲ. ಆದರೆ ಅದರ ನಾಜೂಕಿಗೂ ಬೆಲೆಗೂ ಈ ಶಾಸ್ತ್ರ ಇನ್ನೂ ಎರಡು ಪಟ್ಟು ಅನ್ವಯ.

ಬಿದ್ದ ನೀರಿನ ಗತಿ

ಇಲ್ಲಿ ಮಧುಗಿರಿ ಪಂಥದ ಕೊಡುಗೆ ದೊಡ್ಡದು. ಏಷ್ಯಾದಲ್ಲೇ ಎರಡನೆಯ ದೊಡ್ಡದೆಂದು ಊರವರು ಹೇಳುವ ಏಕಶಿಲಾ ಬೆಟ್ಟ ಮನೆ ಹಿತ್ತಲಿಗೇ ಇರುವಾಗ, ಬೋಳು ಬಂಡೆಯ ಮೇಲೆ ಬಿದ್ದ ನೀರು ಎಲ್ಲಿಗೆ ಹೋಗುತ್ತದೆಂದು ಇಲ್ಲಿನವರಿಗೆ ಪುಸ್ತಕ ನೋಡಿ ತಿಳಿಯಬೇಕಾಗಿಲ್ಲ. ಅದು ನಿಲ್ಲುವುದಿಲ್ಲ, ಇಂಗುವುದಿಲ್ಲ. ನೇರ ಇಳಿದು ಬುಡ ಸೇರುತ್ತದೆ. ಬೆಟ್ಟದ ಮೇಲೆ ಕೋಟೆ ಕಟ್ಟಿದವರು ಇದನ್ನರಿತು ಇಳಿಜಾರಿನಲ್ಲಿ ದೊಣೆಗಳನ್ನಿಟ್ಟು ನೀರು ಹಿಡಿದರು. ಟಿವಿ ಕಟ್ಟಿದವರು ದೊಣೆ ಇಟ್ಟಿಲ್ಲ.

ಪರದೆಗೆ ನೇರವಾಗಿ ನೀರು ಸಿಂಪಡಿಸಿದರೆ ಅದು ಒಂದೇ ಬಂಡೆಯ ಮೇಲಿನ ಮಳೆಯಾಗಿ ಇಳಿದು ಕೆಳಗಿನ ಚೌಕಟ್ಟಿನ ಸಂದಿಗೆ ಹೋಗುತ್ತದೆ. ಅನೇಕ ಟಿವಿಗಳಲ್ಲಿ ಪರದೆಯ ಅಂಚಿನ ಆ ಸಂದಿಯೊಳಗೆ ಚಿತ್ರದ ಸಂಕೇತ ತರುವ, ಕಾಗದದಷ್ಟು ತೆಳುವಾದ ಪಟ್ಟಿಗಳು ಅಂಟಿಕೊಂಡಿರುತ್ತವೆ. ಒಂದು ಹನಿ ಅಲ್ಲಿಗೆ ತಲುಪಿದರೆ ಸಾಕು. ಮಾರನೆಯ ದಿನ ವಾರ್ತೆ ಓದುವವರ ಮುಖದ ಮೇಲೆ ಮೇಲಿಂದ ಕೆಳಕ್ಕೊಂದು ಹಸಿರು ಗೀಟು. ರಿಪೇರಿ ಅಂಗಡಿಯವರು ಟಿವಿಯನ್ನು ಓರೆಯಾಗಿ ನೋಡಿ ಒಂದೇ ವಾಕ್ಯದಲ್ಲಿ ತೀರ್ಪು ಕೊಡುತ್ತಾರೆ: ‘ಪ್ಯಾನಲ್ ಹೋಗೈತೆ ಸಾ.’ ಈ ಮಹಾವಾಕ್ಯಕ್ಕೆ ಭಾಷ್ಯ ಬರೆಯಬೇಕಾದ ಅಗತ್ಯವಿಲ್ಲ. ಪ್ಯಾನಲಿನ ಬೆಲೆ ಹೊಸ ಟಿವಿಯ ಬೆಲೆಯ ಹತ್ತಿರಹತ್ತಿರ ಇರುವುದರಿಂದ ಕೇಳಿದವರು ತಾವೇ ಅರ್ಥ ಮಾಡಿಕೊಳ್ಳುತ್ತಾರೆ.

ಆದ್ದರಿಂದ ಸಿದ್ಧಾಂತ: ನೀರು ಬಟ್ಟೆಗೆ, ಬಟ್ಟೆ ಪರದೆಗೆ. ಹಿಂಡಿದರೆ ಒಂದು ಹನಿಯೂ ಬೀಳದಷ್ಟು ಮಾತ್ರ ಒದ್ದೆ.

ಪಾವಗಡ ಪಂಥ

ಪರದೆ ತೊಳೆಯುವ ವಿದ್ಯೆಯಲ್ಲಿ ಜಗತ್ತೇ ಬಂದು ಪಾಠ ಹೇಳಿಸಿಕೊಳ್ಳಬೇಕಾದ ತಾಲ್ಲೂಕು ಪಾವಗಡ. ಮೂರು ಕಡೆಯಿಂದ ಆಂಧ್ರ ಅಪ್ಪಿಕೊಂಡಿರುವ, ಕನ್ನಡದಲ್ಲಿ ಶುರುವಾದ ಮಾತು ತೆಲುಗಿನಲ್ಲಿ ಮುಗಿಯುವ, ಶನಿಮಹಾತ್ಮನ ಗುಡಿಗೆ ಹೆಸರಾದ ಈ ಬಯಲುಸೀಮೆಯಲ್ಲಿ, ನಾಗಲಮಡಿಕೆ ಹೋಬಳಿಯ ತಿರುಮಣಿ, ಬಳಸಮುದ್ರ, ಕ್ಯಾತಗಾನಚೆರ್ಲು, ವಳ್ಳೂರು, ರಾಯಚೆರ್ಲು ಎಂಬ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ ಸೋಲಾರ್ ಪಾರ್ಕ್ ಇದೆ. 2018ರ ಮಾರ್ಚ್ 1ರಂದು ಉದ್ಘಾಟನೆಯಾಗಿ, ಮರುವರ್ಷದ ಕೊನೆಗೆ 2,050 ಮೆಗಾವಾಟಿನ ಪೂರ್ಣ ಸಾಮರ್ಥ್ಯ ಮುಟ್ಟಿತು. ರೈತರು ಜಮೀನು ಮಾರಲಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭವಾದ ಗುತ್ತಿಗೆಗೆ ಕೊಟ್ಟರು. ಕಡಲೆಕಾಯಿ ಬೆಳೆಯುತ್ತಿದ್ದ ನೆಲದಲ್ಲಿ ಈಗ ಚಪ್ಪಟೆ ಪರದೆಗಳ ಬೆಳೆ. ಸುತ್ತಲ ಹಳ್ಳಿಗಳವರಿಗೆ ಸಿಕ್ಕ ಕೆಲಸಗಳಲ್ಲಿ ಕಾವಲು ಒಂದು, ಹುಲ್ಲು ಕೊಯ್ಯುವುದು ಒಂದು, ಪ್ಯಾನಲ್ ತೊಳೆಯುವುದು ಇನ್ನೊಂದು.

ಈಗ ತರ್ಕಶಾಸ್ತ್ರದ ತೊಡಕು ಹುಟ್ಟುವುದು ಹೀಗೆ. ಪ್ಯಾನಲ್ ತೊಳೆದು ಸಂಜೆ ಮನೆಗೆ ಬಂದ ಮಗನಿಗೆ ತಾಯಿ ಹೇಳುತ್ತಾಳೆ: ‘ಅಲ್ಲಿ ಅಷ್ಟೊಂದು ತೊಳ್ದು ಬತ್ತೀಯ, ಮನೇಲಿರೋದು ಒಂದು ಟಿವಿ, ಅದ್ನ ತೊಳ್ಯಕಾಗಲ್ವೇನಪ್ಪ?’ ಅನುಮಾನದ ರೂಪ ನಿರ್ದುಷ್ಟವಾಗಿದೆ. ಟಿವಿ ತೊಳೆಯತಕ್ಕದ್ದು, ಚಪ್ಪಟೆಯಾಗಿ, ಕಪ್ಪಾಗಿ, ಹೊಳೆಯುತ್ತಿರುವುದರಿಂದ, ಎಲ್ಲೆಲ್ಲಿ ಚಪ್ಪಟೆ ಕಪ್ಪು ಹೊಳಪೋ ಅಲ್ಲಲ್ಲಿ ಪೈಪು ವೈಪರ್, ತಿರುಮಣಿಯಲ್ಲಿ ಇರುವಂತೆ. ಎರಡರ ಹೆಸರೂ ಪ್ಯಾನಲ್ಲೇ. ಇಂಥ ವಾದವನ್ನು ಎದುರಿಸಿ ನಿಂತ ಮಗ ಯಾವ ಮನೆಯಲ್ಲೂ ಇಲ್ಲ. ತಾಯಿಯ ಮಾತೆಂಬುದು ಬೇರೆ.

ಹೇತುವಿನಲ್ಲಿರುವ ದೋಷವನ್ನು ನಾವೇ ತೋರಿಸಬೇಕು. ಸೋಲಾರ್ ಪ್ಯಾನಲಿನ ಮುಖ ನಿಜವಾದ ಗಾಜು, ಸಾಮಾನ್ಯವಾಗಿ 3.2 ಮಿಲಿಮೀಟರ್ ದಪ್ಪದ್ದು, ಕಾಯಿಸಿ ಗಟ್ಟಿಮಾಡಿದ್ದು. ಅಂಚುಗಳಿಗೆ ನೀರು ಹೋಗದ ಮುದ್ರೆ. ಇಪ್ಪತ್ತೈದು ವರ್ಷ ಮಳೆ, ಗಾಳಿ, ಹಕ್ಕಿ ಹಿಕ್ಕೆ ತಡೆಯಲೆಂದೇ ಹುಟ್ಟಿದ ಜೀವ ಅದು. ಅದಕ್ಕೆ ಬೆಳಕು ಕುಡಿಯುವ ಕಸುಬು, ಟಿವಿಗೆ ಬೆಳಕು ಕಕ್ಕುವ ಕಸುಬು. ಕುಡಿಯುವವನಿಗೆ ಸ್ನಾನ ಮಾಡಿಸಬಹುದು. ಕಕ್ಕುವವನ ಹತ್ತಿರ ಬಟ್ಟೆ ಹಿಡಿದುಕೊಂಡು ಮೆಲ್ಲಗೆ ಹೋಗಬೇಕು.

ಆದರೂ ಪಾವಗಡ ಪಂಥದಿಂದ ಎರಡು ಸೂತ್ರಗಳನ್ನು ಉಳಿಸಿಕೊಳ್ಳಲೇಬೇಕು. ಮೊದಲನೆಯದು ಕಾಲನಿಯಮ. ಸೋಲಾರ್ ಪ್ಯಾನಲನ್ನು ನಡುಹಗಲಿನಲ್ಲಿ ತೊಳೆಯಬಾರದು. ಕಾದ ಗಾಜಿಗೆ ತಣ್ಣೀರು ಬಿದ್ದರೆ ಸೀಳಬಹುದು, ಅದಕ್ಕೂ ಮೊದಲು ನೀರು ಆರಿ ಕಲೆ ಕೂರುತ್ತದೆ. ಹಾಗಾಗಿ ಬೆಳಗಿನ ಜಾವವೋ ಇಳಿಹೊತ್ತೋ ವಾಸಿ. ಟಿವಿಗೂ ಇದು ಅಕ್ಷರಶಃ ಸಲ್ಲುತ್ತದೆ. ಧಾರಾವಾಹಿಗಳೆಲ್ಲ ಮುಗಿದು, ಟಿವಿ ಆರಿಸಿ, ಪ್ಲಗ್ ಕಿತ್ತು, ಪರದೆ ತಣ್ಣಗಾದ ಮೇಲೆ ಕೈ ಹಾಕಬೇಕು. ಕಪ್ಪು ಪರದೆಯ ಮೇಲೆ ಧೂಳು ಎದ್ದು ಕಾಣುತ್ತದೆಂಬುದು ಹೆಚ್ಚಿನ ಲಾಭ. ಧಾರಾವಾಹಿಗಳು ಮುಗಿಯುವುದು ಯಾವಾಗ ಎಂಬ ಪ್ರಶ್ನೆ ಈ ಪ್ರಬಂಧದ ವ್ಯಾಪ್ತಿಗೆ ಮೀರಿದ್ದು.

ಎರಡನೆಯದು ಜಲವಿಚಾರ. ಪಾವಗಡದ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆಯೆಂದು ಶಾಲೆಯ ಮಕ್ಕಳಿಗೂ ಗೊತ್ತು, ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಕುಡಿಯಲು ತಕ್ಕದ್ದಲ್ಲವೆನ್ನುವ ಮಿತಿಯನ್ನು ಎಷ್ಟೋ ಹಳ್ಳಿಗಳ ನೀರು ಮೀರಿದೆ. ಅದರಿಂದ ಹಲ್ಲು ಕಂದಾಗುತ್ತದೆ, ಮೂಳೆ ಬಾಗುತ್ತದೆ. ಅದು ತಮಾಷೆಯ ವಿಷಯವಲ್ಲ. ಆದರೆ ಟಿವಿಯ ಮೇಲೆ ನೀರು ಆರಿದಾಗ ಉಳಿಯುವ ಬಿಳಿ ಬೊಟ್ಟಿನ ಅಪವಾದವನ್ನೂ ಫ್ಲೋರೈಡಿನ ತಲೆಗೆ ಕಟ್ಟುವುದು ಅನ್ಯಾಯ. ಆ ಬೊಟ್ಟುಗಳು ಗಡಸುನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು. ಅವನ್ನು ಕೆರೆಯಲು ಹೋಗಿ ಗೀರು ಬೀಳುತ್ತದೆ. ಪರದೆಗೆ ತಕ್ಕದ್ದು ಡಿಸ್ಟಿಲ್ಡ್ ವಾಟರ್. ಹುಡುಕಿಕೊಂಡು ಎಲ್ಲೂ ಹೋಗಬೇಕಾಗಿಲ್ಲ: ಯುಪಿಎಸ್ ಬ್ಯಾಟರಿಗೆ ಹಾಕುವ ‘ಬ್ಯಾಟ್ರಿ ನೀರು’ ಅಂದರೆ ಅದೇ, ಮುಚ್ಚಳ ಒಡೆಯದ ಸ್ವಚ್ಛ ಬಾಟಲಿಯಾಗಿದ್ದರೆ ಸರಿ. ಬ್ಯಾಟರಿಯೊಳಗಿನದು ಆಮ್ಲ, ಅದನ್ನು ಮುಟ್ಟಬಾರದು ಎಂದು ಬರೆಯಬೇಕಾದ ಕಾಲ ಬಂದಿದೆ, ಬರೆದಿದ್ದೇನೆ. ಅದೂ ಇಲ್ಲದಿದ್ದರೆ ನಾಣ್ಯ ಹಾಕಿ ಕ್ಯಾನಿಗೆ ಹಿಡಿದು ತರುವ ‘ಘಟಕದ ನೀರು’ ಆಗಬಹುದು. ಲವಣ ಕಡಿಮೆ ಇರುತ್ತದೆ. ಗಂಗಾಜಲ ಆಗದು.

ಕೊರಟಗೆರೆ ಪಂಥದ ಖಂಡನೆ

ಸಿದ್ಧರಬೆಟ್ಟದ ಗಿಡಮೂಲಿಕೆಗಳ ನೆರಳಿನಲ್ಲಿ ಬೆಳೆದ ಈ ಪಂಥಕ್ಕೆ ಎಲ್ಲ ಕೊಳೆಗೂ ಹಿತ್ತಲಲ್ಲೇ ಮದ್ದು. ನಿಂಬೆಹೋಳು, ಹುಣಸೆಹಣ್ಣು, ಸೀಗೆಪುಡಿ, ಅಡುಗೆ ಸೋಡ. ಇವುಗಳಲ್ಲಿ ಕೆಲವು ಹುಳಿ, ಕೆಲವು ಕ್ಷಾರ, ಕೆಲವು ಮರಳು. ಹಿತ್ತಾಳೆ ಚೊಂಬಿಗೆ ಪ್ರಶಸ್ತ. ಇಲ್ಲಿಗೆ ಈ ಪಂಥ ಮುಗಿಯಿತು.

ವಸ್ತ್ರವಿಭಾಗ, ಶಿರಾ ಪದ್ಧತಿಯಲ್ಲಿ

ಮೊಗಲರು 1687ರಲ್ಲಿ ಶಿರಾವನ್ನು ಸುಬಾದ ರಾಜಧಾನಿ ಮಾಡಿಕೊಂಡಾಗ ಬಸವಾಪಟ್ಟಣ, ಬೂದಿಹಾಳು, ಶಿರಾ, ಪೆನುಕೊಂಡ, ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರ ಎಂಬ ಏಳು ಪರಗಣಗಳನ್ನು ಅದರ ಕೆಳಗಿಟ್ಟರು. ಆಡಳಿತದ ಆ ಶಿಸ್ತನ್ನು ಗೌರವಿಸಿ ಶಿರಾ ಪಂಥದವರು ಒರೆಸುವ ಬಟ್ಟೆಗಳನ್ನೂ ಏಳು ಪರಗಣಗಳಾಗಿ ವಿಂಗಡಿಸುತ್ತಾರೆ. ಕಂದಾಯ ಅತಿ ಹೆಚ್ಚು ಬರುವ ಪರಗಣ ಹಳೇ ಬನಿಯನ್; ನಾಲ್ಕು ತಾಲ್ಲೂಕುಗಳಲ್ಲೂ ನಡೆಯುವ ಸಕಲ ಒರೆಸಾಟದ ಸಿಂಹಪಾಲು ಅದರದೇ. ಹೊಲಿಗೆಯಿಲ್ಲದ ಭಾಗ ಕತ್ತರಿಸಿ, ಚೆನ್ನಾಗಿ ಒಗೆದು ಜಾಡಿಸಿದ್ದಾದರೆ ತಾತ್ಕಾಲಿಕವಾಗಿ ಮಾನ್ಯ. ಆದರೆ ಅದೇ ಬನಿಯನ್ನಿನಲ್ಲಿ ಬೆಳಿಗ್ಗೆ ಬೈಕ್ ಒರೆಸಿದ್ದರೆ ಅಮಾನ್ಯ, ಏಕೆಂದರೆ ರಾಷ್ಟ್ರೀಯ ಹೆದ್ದಾರಿ 48ರ ಮರಳಿನ ಕಣ ಅದರೊಳಗೆ ಕೂತಿರುತ್ತದೆ. ಎರಡನೆಯದಾದ ಪಂಚೆಯ ತುಂಡಿಗೂ ಇದೇ ನಿಯಮ. ಟವೆಲ್ ಒರಟು. ಸೀರೆಯ ಸೆರಗು ಮೆತ್ತಗಿದ್ದರೂ ಜರಿ ಇರುವ ಕಡೆ ಗೀರುತ್ತದೆ. ಮೇಲಾಗಿ ಒಗ್ಗರಣೆಯ ಜಿಡ್ಡು ಅದರಿಂದ ಟಿವಿಗೂ ಟಿವಿಯಿಂದ ಅದಕ್ಕೂ ಸಮಾನವಾಗಿ ಹಂಚಿಕೆಯಾಗುತ್ತದೆ. ಐದನೆಯ ಪರಗಣದ ನ್ಯೂಸ್‌ಪೇಪರು, ಟಿಶ್ಯೂ ಎರಡೂ ಮರದ ನಾರು, ಗಾಜಿಗೆ ಸರಿ, ಪ್ಲಾಸ್ಟಿಕ್ ಹಾಳೆಗೆ ಗೀರು ಬೀಳಬಹುದು. ಆರನೆಯದು ಈ ಸೀಮೆಯ ಹೆಮ್ಮೆಯ ಕುರಿಗಂಬಳಿ. ಅದರಲ್ಲಿ ಟಿವಿ ಒರೆಸಿದವರು ಇದ್ದಾರೆಯೇ ಎಂದು ಆಕ್ಷೇಪಿಸುವವರಿಗೆ ಉತ್ತರ: ಪಟ್ಟಿ ಏಳಕ್ಕೆ ಮುಟ್ಟಬೇಕಿತ್ತು.

ಉಳಿದ ಏಳನೆಯದು ಮೈಕ್ರೋಫೈಬರ್, ಅದೇ ಕನ್ನಡಕದ ಅಂಗಡಿಯಲ್ಲಿ ಡಬ್ಬಿಯೊಳಗೆ ಬಿಟ್ಟಿಯಾಗಿ ಬರುವ ಚೌಕ. ಪಾಲಿಯೆಸ್ಟರ್, ನೈಲಾನ್ ಜಾತಿಯ ಎಳೆಗಳನ್ನು ಸೀಳಿ ಕೂದಲಿಗಿಂತ ಸಣ್ಣದಾಗಿ ಮಾಡಿದ ಬಟ್ಟೆಯಾದ್ದರಿಂದ ಧೂಳು ಅದರ ಸಂದಿಗೆ ಸಿಕ್ಕಿಕೊಳ್ಳುತ್ತದೆ, ಪರದೆಯ ಮೇಲೆ ಎಳೆದಾಡುವುದಿಲ್ಲ. ಶಾಸ್ತ್ರ ಸಂಪೂರ್ಣವಾಗಿ ಒಪ್ಪುವುದು ಇದೊಂದನ್ನೇ. ಅದನ್ನು ಒಗೆಯುವಾಗ ಬಟ್ಟೆ ಮೆತ್ತಗಾಗಿಸುವ ಕಂಫರ್ಟ್ ಜಾತಿಯ ದ್ರವ ಹಾಕಿದರೆ ಎಳೆಗಳ ಮೇಲೆ ಜಿಡ್ಡು ಹತ್ತಿ ಗುಣ ಹೋಗುತ್ತದೆ.

ಆಯುಧಪೂಜಾಧಿಕರಣ

ವರ್ಷದಲ್ಲಿ ಒಂದು ದಿನ, ಮಹಾನವಮಿಯಂದು, ಮೇಲಿನ ನಿಷೇಧಗಳೆಲ್ಲ ಒಟ್ಟಿಗೆ ಭಂಗವಾಗುತ್ತವೆ. ಗ್ರೈಂಡರ್, ಫ್ರಿಜ್, ಬೈಕ್, ಟ್ರ್ಯಾಕ್ಟರ್ ಸಾಲಿನಲ್ಲಿ ಟಿವಿಯೂ ಆಯುಧವಾಗುತ್ತದೆ. ಮನೆಯೊಳಗಿನ ಅಷ್ಟೂ ಜಗಳಗಳನ್ನು ನೆನೆದರೆ ಈ ವರ್ಗೀಕರಣ ತಪ್ಪೆನ್ನಲಾಗದು. ಬೆಳಿಗ್ಗೆಯೇ ಒದ್ದೆ ಬಟ್ಟೆಯ ಅಭಿಷೇಕ. ಆಮೇಲೆ ಪರದೆಯ ನಟ್ಟನಡುವೆ ಮೂರು ಬೆರಳಿನ ವಿಭೂತಿ, ನಡುವೆ ಅರಿಶಿನ, ಅದರ ಮೇಲೆ ಕುಂಕುಮ. ಸಂಜೆ ಕ್ರಿಕೆಟ್ ನೋಡಲು ಕೂತಾಗ ಎಲ್ಲ ಬೌಲರುಗಳೂ ಶೈವರಾಗಿ ಕಾಣುತ್ತಾರೆ.

ಅಪಾಯ ಬರುವುದು ಮರುದಿನ, ತೆಗೆಯುವಾಗ. ವಿಭೂತಿ ಎಂದರೆ ಬೂದಿ, ಬೂದಿಯಲ್ಲಿ ಗಟ್ಟಿ ಕಣ; ಒಣಗಿದ್ದನ್ನು ತಿಕ್ಕಿದರೆ ಉಪ್ಪುಕಾಗದದ ಕೆಲಸ ಮಾಡುತ್ತದೆ. ಅರಿಶಿನದ್ದು ಇನ್ನೊಂದು ಲೀಲೆ. ಹಳದಿ ಕಲೆಯೆಂದು ಸೋಪಿನ ನೀರು ಮುಟ್ಟಿಸಿದ ಕೂಡಲೆ ಅದು ಕೆಂಪಗಾಗುತ್ತದೆ. ಅರಿಶಿನದ ಬಣ್ಣ ಕ್ಷಾರದ ಜೊತೆ ಸೇರಿದಾಗ ಆಗುವುದೇ ಹಾಗೆ, ಅರಿಶಿನಕ್ಕೆ ಸುಣ್ಣ ಸೇರಿಸಿ ಕುಂಕುಮ ಮಾಡುವುದೂ ಅದೇ ಗುಣದಿಂದ. ತೆಗೆಯಲು ಹೋದ ಅರಿಶಿನ ಕಣ್ಣೆದುರೇ ಕುಂಕುಮವಾದದ್ದನ್ನು ಕಂಡು ಅಜ್ಜಿ ಕೈ ಮುಗಿಯುತ್ತಾಳೆ, ಮೊಮ್ಮಗ ಇನ್ನಷ್ಟು ಜೋರಾಗಿ ತಿಕ್ಕುತ್ತಾನೆ. ಇಬ್ಬರಲ್ಲಿ ಅಜ್ಜಿಯೇ ಟಿವಿಗೆ ಕ್ಷೇಮ.

ಪರಿಹಾರ ಉಂಟು. ಹೂವು, ಕುಂಕುಮ, ವಿಭೂತಿ ಎಲ್ಲವನ್ನೂ ಟಿವಿ ಇಟ್ಟ ಮೇಜಿಗೋ, ಗೋಡೆಗೋ, ಹಳೆಯ ಸ್ಟೆಬಿಲೈಸರಿಗೋ ಇಡಬಹುದು. ದೇವರು ಈ ಬದಲಾವಣೆಗೆ ತಕರಾರು ತೆಗೆದ ದಾಖಲೆ ಇಲ್ಲ. ಊದುಬತ್ತಿಯನ್ನು ಟಿವಿಯ ಕಿಂಡಿಗಳ ಪಕ್ಕ ಸಿಕ್ಕಿಸದಿದ್ದರೆ ಇನ್ನೂ ಉತ್ತಮ. ಕರ್ಪೂರದ ಮಾತೇ ಬೇಡ.

ವಿಧಿ

ಇಷ್ಟೆಲ್ಲ ಆದ ಮೇಲೆ ಮಾಡಬೇಕಾದದ್ದು ಬಹಳ ಸ್ವಲ್ಪ. ತಣ್ಣಗಾದ ಪರದೆಯನ್ನು ಒಣ ಮೈಕ್ರೋಫೈಬರಿನಿಂದ ಮೇಲಿಂದ ಕೆಳಕ್ಕೆ ಹಗುರವಾಗಿ ಎಳೆಯುವುದು. ಮಗುವಿನ ಕೆನ್ನೆಗೆ ಹಾಕುವಷ್ಟೂ ಒತ್ತಡ ಬೇಡ. ಹೆಚ್ಚಿನ ದಿನ ಅಲ್ಲಿಗೆ ಮುಗಿಯುತ್ತದೆ. ಬೆರಳಿನ ಗುರುತು, ಜಿರಲೆಯ ಹಿಕ್ಕೆ, ಒಗ್ಗರಣೆಯ ಹೊಗೆ ಉಳಿದರೆ ಬಟ್ಟೆಯ ಮೂಲೆಯನ್ನು ಬ್ಯಾಟ್ರಿ ನೀರಿನಲ್ಲಿ ನೆನೆಸಿ ಹಿಂಡಿ ಅಷ್ಟೇ ಜಾಗವನ್ನು ಒರೆಸಿ, ಕೂಡಲೇ ಇನ್ನೊಂದು ಒಣ ಬಟ್ಟೆ ಆಡಿಸುವುದು. ಪೂರ್ತಿ ಆರುವವರೆಗೆ ಪ್ಲಗ್ ಹಾಕದಿರುವುದು. ಹಿಂದಿನ ಕಿಂಡಿಗಳಿಗೆ ಮೆತ್ತನೆಯ ಒಣ ಬ್ರಷ್. ಸ್ಟ್ಯಾಂಡಿನ ಮೇಲಿರುವ ಟಿವಿಯಾದರೆ ಒರೆಸುವ ಕೈಗೆ ಎದುರಾಗಿ ಇನ್ನೊಂದು ಕೈ ಚೌಕಟ್ಟಿನ ಹಿಂದೆ ಇರಲಿ, ಇಲ್ಲದಿದ್ದರೆ ಅದು ನಮಸ್ಕಾರ ಮಾಡಿ ಎದುರಿಗಿದ್ದವರ ಮೇಲೆ ಬೀಳುತ್ತದೆ, ಹತ್ತಿರ ಮಕ್ಕಳಿರಕೂಡದು. ರಾಗಿ ಒಕ್ಕಣೆಯ ಕಾಲದಲ್ಲೂ ಕಡಲೆಕಾಯಿ ಬಿಡಿಸುವ ಕಾಲದಲ್ಲೂ ಮನೆಯೊಳಗೆ ಬರುವ ಹೊಟ್ಟಿನ ಧೂಳಿಗೆ ಹೊದಿಕೆ ಹಾಕಬಹುದು, ಟಿವಿ ಓಡುವಾಗ ತೆಗೆಯಬೇಕು, ಬಿಸಿ ಹೋಗಲು ದಾರಿ ಬೇಕಲ್ಲ.

ಪರಿಶಿಷ್ಟ: ರಿಮೋಟ್ ವಿಚಾರ

ಪರದೆಯನ್ನು ಯಾರೂ ಮುಟ್ಟುವುದಿಲ್ಲ, ಆದರೂ ಒರೆಸುತ್ತಾರೆ. ರಿಮೋಟನ್ನು ಮನೆಮಂದಿಯೆಲ್ಲ ಮುದ್ದೆ ಉಂಡ ಕೈಯಲ್ಲೇ ಮುಟ್ಟುತ್ತಾರೆ, ಯಾರೂ ಒರೆಸುವುದಿಲ್ಲ. ಕೊಂಡ ದಿನ ಹಾಕಿದ ಪ್ಲಾಸ್ಟಿಕ್ ಕವರು ಅದಕ್ಕಿರುವ ಏಕೈಕ ರಕ್ಷೆ. ಕವರಿನೊಳಗೆ ಸೇರಿದ ಕೊಳೆಗೂ ಅದೇ ರಕ್ಷೆ. ಇಲ್ಲಿ ಶಾಸ್ತ್ರ ಸಡಿಲ. ಸೆಲ್ಲುಗಳನ್ನು ತೆಗೆದು, ಬಟ್ಟೆಗೆ ಸ್ವಲ್ಪ ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿ ಒರೆಸಿದರೆ ದೋಷವಿಲ್ಲ, ಗುಂಡಿಗಳ ನಡುವೆ ಕಿವಿಗೆ ಹಾಕುವ ಹತ್ತಿಕಡ್ಡಿ ಆಡುತ್ತದೆ. ಸೆಲ್ಲಿನ ಮುಚ್ಚಳದ ಬಗ್ಗೆ ನಾಲ್ಕೂ ಪಂಥಗಳಲ್ಲಿ ಮತಭೇದವಿಲ್ಲ: ಅದು ಕಳೆದುಹೋಗಿದೆ. ಅದರ ಸ್ಥಾನದಲ್ಲಿರುವ ರಬ್ಬರ್ ಬ್ಯಾಂಡನ್ನು ಒರೆಸಬೇಕೋ ಬದಲಿಸಬೇಕೋ ಎಂಬುದರ ಮೇಲೆ ಮಾತ್ರ ಶಿರಾದವರಿಗೂ ಪಾವಗಡದವರಿಗೂ ಇನ್ನೂ ಇತ್ಯರ್ಥವಾಗಿಲ್ಲ.